ಬಂದೂಕಿನ ಮರ ಬರುವವರೆಗೆ

ಫೆಬ್ರುವರಿ 6

ತಮ್ಮಾ,

ಇದರ ಹಿಂದೆಯೇ ಒಂದು ಉದ್ದನೆಯ ಪೊಟ್ಟಣ ನಿನ್ನ ಅಂಗಡಿಗೆ ಬರುತ್ತದೆ. ಗೋಣಿತಟ್ಟಿನಲ್ಲಿ ಸುತ್ತಿ ಹೊಲಿದಿದ್ದೇನೆ. ಕತ್ತರಿಯಿಂದ ಬಿಚ್ಚು, ಎಳೆದಾಡಬೇಡ. ಒಳಗಿರುವುದು ನಿನ್ನ ಭಾವನವರು ಬಿಟ್ಟುಹೋದ ಒಂಟಿ ಗುಂಡಿನ ರೈಫಲ್ಲಿನ ಹಿಂದಿನ ಮರ, ಹೆಗಲಿಗೆ ಒತ್ತಿಕೊಳ್ಳುವ ಭಾಗ. ಅದು ಸೀಳಿದೆ. ರಿಪೇರಿ ಬೇಡ, ಹೊಸದೇ ಆಗಬೇಕು. ಬಂದೂಕಿನ ಮರ ಕೆತ್ತುವುದರಲ್ಲಿ ಹೆಸರು ಮಾಡಿದವನು ನೀನು, ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಮಾತು. ಅವಸರ ಮಾಡಬೇಡ. ಕೈಯಲ್ಲಿರುವ ಕೆಲಸವನ್ನೆಲ್ಲ ಮುಗಿಸಿಕೊಂಡೇ ಇದನ್ನು ಹಿಡಿ. ಈ ವರ್ಷದ ಕೊನೆಗಾದರೂ ನನಗೆ ಅಭ್ಯಂತರವಿಲ್ಲ.

ಮಗ ಮನೆಗೆ ಬಂದು ಐದು ವಾರವಾಯಿತು. ಬಂದರಿನ ಕ್ರೇನಿನ ವಿಷಯ ನಿನಗೆ ತಿಳಿದದ್ದೇ. ತಂತಿಹಗ್ಗ ಒಳಗೊಳಗೇ ತುಕ್ಕು ಹಿಡಿದಿತ್ತು, ಕ್ರೇನ್ ನಡೆಸುತ್ತಿದ್ದ ಇವನ ತಪ್ಪು ಇಲ್ಲ ಎಂದು ತನಿಖೆಯವರು ಬರೆದುಕೊಟ್ಟಿದ್ದಾರೆ. ಆ ಕಾಗದವನ್ನು ಅವನು ಒಮ್ಮೆ ಓದಿ, ನಾಲ್ಕಾಗಿ ಮಡಿಸಿ, ನನ್ನ ಕೈಗೆ ಕೊಟ್ಟ. ಕೆಳಗೆ ನಿಂತಿದ್ದು ಸತ್ತವನು ಅವನ ಸ್ನೇಹಿತ, ಎಲ್ಲರೂ ಕುಳ್ಳ ಎಂದು ಕರೆಯುತ್ತಿದ್ದವನು. ಆ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಬಾರದೆಂದು ನಾನೇ ಹೇಳಿದ್ದೇನೆ.

ತಟ್ಟೆ ಮುಂದಿಟ್ಟರೆ ಉಣ್ಣುತ್ತಾನೆ. ಇಡದಿದ್ದರೆ ಕೇಳುವುದಿಲ್ಲ. ಹೋದ ವಾರ ತನ್ನ ಕೈಗಡಿಯಾರ ಬಿಚ್ಚಿ ನಮ್ಮ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುವವನಿಗೆ ಕೊಟ್ಟುಬಿಟ್ಟ. ‘ನನಗಿನ್ನು ಬೇಡ’ ಎಂದನಂತೆ.

ಮಂಗಳವಾರ ಮಧ್ಯಾಹ್ನ ಗಿರಣಿಯ ಬೆಲ್ಟು ಕಿತ್ತುಹೋಗಿ ನಾನು ಬೇಗ ಮನೆಗೆ ಬಂದೆ. ಅವನು ಹಿಂದಿನ ಕೋಣೆಯಲ್ಲಿ ಮಂಚದ ತುದಿಗೆ ಕೂತಿದ್ದ. ಬಂದೂಕು ಕೈಯಲ್ಲಿತ್ತು.

‘ಏನೋ ಮಾಡ್ತಿದ್ದೀಯ?’ ಎಂದೆ.

‘ಒರೆಸ್ತಿದ್ದೀನಮ್ಮ’ ಎಂದ.

ಕೈಯಲ್ಲಿ ಬಟ್ಟೆ ಇರಲಿಲ್ಲ.

ಮರುದಿನ ಅವನು ಸ್ನಾನಕ್ಕೆ ಹೋದಾಗ ತೆಗೆದು ನೋಡಿದೆ. ಮರ ಸೀಳಿತ್ತು. ಬಿಚ್ಚಿ ಕಳಿಸುತ್ತಿದ್ದೇನೆ. ಮತ್ತೇನೂ ವಿಶೇಷವಿಲ್ಲ, ಎಲ್ಲರೂ ಚೆನ್ನಾಗಿದ್ದೇವೆ. ಉತ್ತರವನ್ನು ನನ್ನ ಹೆಸರಿಗೆ, ಗಿರಣಿಯ ವಿಳಾಸಕ್ಕೆ ಬರೆ. ಫೋನು ಮಾಡಬೇಡ. ಫೋನಿರುವುದು ತೂಕದ ಕೋಣೆಯಲ್ಲಿ. ನಾನು ಹಲೋ ಎಂದರೆ ಸಾಕು, ಹಿಟ್ಟಿಗೆ ನಿಂತವರೆಲ್ಲ ಮಾತು ನಿಲ್ಲಿಸಿ ಕಿವಿ ಇತ್ತ ತಿರುಗಿಸುತ್ತಾರೆ.

ಅಕ್ಕ


ಫೆಬ್ರುವರಿ 14

ಅಕ್ಕಾ,

ಪೊಟ್ಟಣ ತಲುಪಿತು. ಕತ್ತರಿಯಿಂದಲೇ ಬಿಚ್ಚಿದೆ, ನಿನ್ನಾಣೆ.

ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ, ಕಿಟಕಿಗೆ ಹಿಡಿದು ನೋಡಿದೆ. ಸೀಳು ಸಿಗಲಿಲ್ಲ. ಸೀಳಿದ ಮರವನ್ನು ಬೆರಳಲ್ಲಿ ತಟ್ಟಿದರೆ ಒಡಕು ಮಡಕೆಯ ಹಾಗೆ ಸದ್ದು ಬರುತ್ತದೆ. ಇದು ಠಣ್ ಎನ್ನುತ್ತದೆ. ನೀನು ಸೀಳು ಎಂದುಕೊಂಡಿದ್ದು ಮರದ ನಾರಿನ ಗೆರೆ ಇರಬೇಕು. ನನ್ನ ಹೆಂಡತಿ ಹೇಳಿದಳು: ‘ನಿಮ್ಮಕ್ಕನ ಕಣ್ಣಿಗೆ ಇಷ್ಟು ದಿನ ನಮ್ಮ ತಪ್ಪು ಮಾತ್ರ ದೊಡ್ಡದಾಗಿ ಕಾಣ್ತಿತ್ತು, ಈಗ ಮರದ್ದೂ ಕಾಣ್ತಿದೆ.’ ಇದನ್ನು ನಾನು ಬರೆದೆ ಎಂದು ಅವಳಿಗೆ ಹೇಳಬೇಡ.

ನಮ್ಮ ಅಂಗಡಿಯ ಪದ್ಧತಿ ನಿನಗೆ ಗೊತ್ತಲ್ಲ. ಗಿರಾಕಿ ಬಾಯಲ್ಲಿ ಹೇಳಿದ್ದನ್ನು ನಾವು ಕೇಳುವುದು ಕಡಿಮೆ. ಹಳೆಯ ಮರವನ್ನು ಮೇಜಿನ ಮೇಲಿಟ್ಟು ಓದುತ್ತೇವೆ. ಕೆನ್ನೆ ಎಲ್ಲಿ ತಾಗಿ ನುಣುಪಾಗಿದೆ, ಹೆಬ್ಬೆರಳು ಎಲ್ಲಿ ಸವೆಸಿದೆ ಎಂದು ನೋಡಿದರೆ ಆಳು ಎಷ್ಟೆತ್ತರ, ಕತ್ತು ಎಷ್ಟುದ್ದ ಎಂಬುದೆಲ್ಲ ತಿಳಿಯುತ್ತದೆ. ಭಾವನವರ ಕೆನ್ನೆಯ ಗುರುತು ಕೆಳಗಿದೆ. ಅದರ ಮೇಲೆ ಒಂದು ಬೆರಳಗಲ ಮುಂದಕ್ಕೆ ಅಳಿಯನದು, ನಿನ್ನ ಮಗನದು. ಹಿಂತುದಿಯ ರಬ್ಬರ್ ಪಟ್ಟಿಯ ಸ್ಕ್ರೂಗಳನ್ನು ನೀನು ಅಡುಗೆಮನೆಯ ಚಾಕುವಿನಿಂದ ಬಿಚ್ಚಿದ್ದೀಯ. ಅದೂ ಗಡಿಬಿಡಿಯಲ್ಲಿ, ಕೈ ಜಾರಿಸಿಕೊಂಡು. ಹೌದೋ ಅಲ್ಲವೋ?

ಇನ್ನೊಂದು ಕಂಡೆ. ಅದೇ ಪಟ್ಟಿಯ ಮೇಲೆ ಸಿಮೆಂಟು ನೆಲದ ಗೀರುಗಳಿವೆ, ಹೊಸವು, ಬಹಳ ಸಲದವು. ಯಾರೋ ಬಂದೂಕನ್ನು ನೆಲಕ್ಕೆ ಊರಿ ನಿಲ್ಲಿಸಿಕೊಂಡು ಕೂರುತ್ತಿದ್ದಾರೆ. ಹಾಗೆ ಮಾಡಬಾರದು, ರಬ್ಬರು ಹಾಳಾಗುತ್ತದೆ ಎಂದು ಅಳಿಯನಿಗೆ ಹೇಳು.

ಕೆಲಸವೇನೂ ಇಲ್ಲ. ಎಣ್ಣೆ ಹಚ್ಚಿದ್ದೇನೆ, ಒಣಗಲಿ. ಮುಂದಿನ ಶುಕ್ರವಾರ ಅಂಚೆಗೆ ಹಾಕುತ್ತೇನೆ.

ತಮ್ಮ


ಫೆಬ್ರುವರಿ 18

ತಮ್ಮಾ,

ಕಳಿಸಬೇಡ.

ನಾನು ಸೀಳಿದೆ ಎಂದರೆ ಸೀಳಿದೆ. ಮೂವತ್ತೊಂದು ವರ್ಷ ಗಿರಣಿ ನಡೆಸಿದವಳಿಗೆ ಚಕ್ರದ ಮರದ ಹಲ್ಲೂ ಗೊತ್ತು, ಕಬ್ಬಿಣದ ಹಲ್ಲೂ ಗೊತ್ತು.

ನೇರವಾಗಿಯೇ ಹೇಳುತ್ತೇನೆ. ಬಂದೂಕು ಇನ್ನು ಮೇಲೆ ನನಗೆ ಬೇಕು. ಗಿರಣಿಯ ಹಿಂದಿನ ಮೆಕ್ಕೆಜೋಳಕ್ಕೆ ಹಂದಿಗಳ ಕಾಟ. ಲೈಸೆನ್ಸಿನಲ್ಲಿ ಮಗನ ಹೆಸರಿದೆ, ಅದನ್ನು ಆಮೇಲೆ ಸರಿಮಾಡಿಸಿಕೊಳ್ಳುತ್ತೇನೆ. ಹಳೆಯ ಮರ ನನಗೆ ಉದ್ದ. ನನ್ನ ಅಳತೆಗೆ ಬೇರೆ ಆಗಬೇಕು. ಮಡಿಸಿದ ಮೊಣಕೈಯ ಒಳಗಿನಿಂದ ತೋರುಬೆರಳಿನ ನಡುಗಿಣ್ಣಿನವರೆಗೆ ಹನ್ನೆರಡು ಮುಕ್ಕಾಲು ಇಂಚು. ಕಣ್ಣು ಮಂಜು, ಆದ್ದರಿಂದ ಬಂದೂಕಿನ ಮೇಲೆ ಕೂರಿಸುವ ದುರ್ಬೀನೂ ಬೇಕು. ಪುಟ್ಟದು, ಭಾರವಿಲ್ಲದ್ದು. ಯಾವ ಯಾವ ಬಗೆ ಸಿಗುತ್ತದೆ, ಯಾವುದಕ್ಕೆ ಏನು ಗುಣ, ಏನು ದೋಷ, ಎಲ್ಲ ವಿವರವಾಗಿ ಬರೆ. ಮರದ ಚೂರುಗಳನ್ನು ಕಳಿಸು. ಚೂರುಗಳನ್ನು ಮಾತ್ರ. ನಾನು ಒಪ್ಪುವ ತನಕ ಇಡೀ ಮರ ನಿನ್ನ ಅಂಗಡಿ ಬಿಟ್ಟು ಹೊರಡಕೂಡದು.

ಮಗ ಚೆನ್ನಾಗಿದ್ದಾನೆ. ಮರ ಕಾಣದೆ ಹೋದದ್ದನ್ನು ಅಂದೇ ಗಮನಿಸಿದ. ರಿಪೇರಿಗೆ ಮಾವನ ಹತ್ತಿರ ಹೋಗಿದೆ ಎಂದೆ. ‘ಓಹೋ’ ಎಂದ. ಎರಡು ದಿನ ಬಿಟ್ಟು ‘ಯಾವಾಗ ಬರುತ್ತಮ್ಮ?’ ಎಂದ. ನಿನ್ನೆ ಮತ್ತೆ ಕೇಳಿದ. ಕೇಳುವಾಗ ನನ್ನ ಮುಖವನ್ನೇ ನೋಡುತ್ತಾನೆ. ನಾನು ಹಿಟ್ಟಿನ ಜರಡಿ ಕೊಡವಲು ಎದ್ದು ಹೋದೆ.

ಅಕ್ಕ


ಫೆಬ್ರುವರಿ 26

ಅಕ್ಕಾ,

ನಿನ್ನ ಪತ್ರ ಓದಿ ನಾನೂ ಇವಳೂ ಅರ್ಧ ದಿನ ನಕ್ಕೆವು. ಭಾವನವರು ಹಿತ್ತಲಲ್ಲಿ ಗುಂಡು ಹಾರಿಸಿದರೆ ಎರಡು ಕಿವಿಗೂ ಹತ್ತಿ ತುರುಕಿಕೊಂಡು ಅಕ್ಕಿ ಡಬ್ಬದ ಹಿಂದೆ ಕೂರುತ್ತಿದ್ದವಳು ನೀನು! ಇರಲಿ. ಗಿರಾಕಿ ಗಿರಾಕಿಯೇ.

ಮೂರು ಬಗೆಯ ಚೂರುಗಳಿವೆ ಇದರಲ್ಲಿ. ಕಂದು ಬಣ್ಣದ್ದು ಆಕ್ರೋಟಿನ ಮರ. ನಾರು ಬಿಗಿ, ಹೊಡೆತ ತಡೆಯುತ್ತದೆ, ವಯಸ್ಸಾದಷ್ಟೂ ಚೆಂದವಾಗುತ್ತದೆ. ಬಿಳಿಚಿದ್ದು ಬೀಚ್ ಮರ. ಗಟ್ಟಿ, ಅಗ್ಗ, ಆದರೆ ತೇವ ಹೀರುತ್ತದೆ. ಕಪ್ಪು ಚೂರು ಪ್ಲಾಸ್ಟಿಕ್ಕು. ಒಳಗೆ ಟೊಳ್ಳು, ಹಗುರ, ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ. ಈಗಿನವರು ಅದನ್ನೇ ಕೇಳುತ್ತಾರೆ. ಹೆಬ್ಬೆರಳು ತೂರಿಸಲು ತೂತಿರುವ ನಮೂನೆಯೂ ಇದೆ, ಹಿಡಿತ ಚೆನ್ನಾಗಿ ಬರುತ್ತದೆ. ಹಿಂದಿನದನ್ನು ಬದಲಾಯಿಸಿದರೆ ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮುಂದಿನ ಮರವನ್ನೂ ಬದಲಾಯಿಸಬೇಕು. ಇಲ್ಲದಿದ್ದರೆ ಒಬ್ಬರ ಅಂಗಿಗೆ ಇನ್ನೊಬ್ಬರ ತೋಳು ಹೊಲಿದಂತೆ ಕಾಣುತ್ತದೆ.

ದುರ್ಬೀನಿಗೆ ಬಂದರೆ, ನಾಲ್ಕು ಪಟ್ಟು ಹತ್ತಿರ ತೋರಿಸುವ ಒಂದು ಗೇಣಿನ ಪುಟ್ಟದೊಂದಿದೆ. ತಿರುಗಿಸುವ ಉಂಗುರ ಗಿಂಗುರ ಏನೂ ಇಲ್ಲ, ಕೆಡುವುದೂ ಇಲ್ಲ. ಎರಡರಿಂದ ಏಳು ಪಟ್ಟಿನವರೆಗೆ ಹೆಚ್ಚು ಕಡಿಮೆ ಮಾಡಬಹುದಾದದ್ದೂ ಇದೆ. ಜೋಳದ ಹೊಲಕ್ಕೆ ಮೊದಲನೆಯದೇ ಸಾಕು. ಒಂದು ಮಾತ್ರ ನೆನಪಿಡು. ಗಾಜಿಗೂ ಕಣ್ಣಿಗೂ ನಾಲ್ಕು ಬೆರಳಿನ ಅಂತರ ಬೇಕು. ಬಂದೂಕು ಹಗುರ, ಹಿಂದಕ್ಕೆ ಒದೆಯುತ್ತದೆ. ಹತ್ತಿರ ಹಿಡಿದರೆ ಹುಬ್ಬು ಹರಿಯುತ್ತದೆ. ಅದಕ್ಕೇ ಮರದ ಉದ್ದವನ್ನೂ ದುರ್ಬೀನನ್ನೂ ಒಟ್ಟಿಗೇ ಆರಿಸಬೇಕು. ಒಂಟಿ ಗುಂಡಿನ ಬಂದೂಕಿನಲ್ಲಿ ಎರಡನೆಯ ಅವಕಾಶ ಇರುವುದಿಲ್ಲ. ಮೊದಲನೆಯದೇ ಸರಿಹೋಗಬೇಕು.

ಯಾವುದು ಬೇಕು ಬರೆ. ಹತ್ತು ದಿನದಲ್ಲಿ ಕೈಗೆ ಬರುತ್ತದೆ.

ತಮ್ಮ


ಮಾರ್ಚ್ 5

ತಮ್ಮಾ,

ಯಾವುದೂ ಒಪ್ಪಿಗೆಯಾಗಲಿಲ್ಲ.

ಆಕ್ರೋಟು ಕಪ್ಪು ಜಾಸ್ತಿ. ಬೀಚು ಮರ ಕಾಹಿಲೆ ಬಿದ್ದವರ ಮುಖದ ಹಾಗಿದೆ. ಪ್ಲಾಸ್ಟಿಕ್ಕಿನದು ಹೆಗಲಿಗೆ ಬಕೆಟ್ಟು ಒತ್ತಿಕೊಂಡಂತೆ. ಹೆಬ್ಬೆರಳಿನ ತೂತಿನ ಮಾತನ್ನೇ ಎತ್ತಬೇಡ. ಬೇರೆ ಮರಗಳು ಇಲ್ಲವೇ ಪ್ರಪಂಚದಲ್ಲಿ? ಹುಡುಕು. ದುರ್ಬೀನು ನಾಲ್ಕು ಪಟ್ಟಿನದು ಎನ್ನುತ್ತೀಯ, ಮೂರು ಪಟ್ಟಿನದು ಏಕಿಲ್ಲ? ವಿಚಾರಿಸು. ಸಮಯ ತೆಗೆದುಕೊ.

ಮುಂದಿನ ಮರವನ್ನೂ ಬಿಚ್ಚಿ ಕಳಿಸುತ್ತಿದ್ದೇನೆ, ಬಣ್ಣ ಹೊಂದಿಸಲು. ಅದನ್ನು ಬಿಚ್ಚುವಾಗ ಅವನು ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ ಗೊತ್ತಾಗಲಿಲ್ಲ.

‘ನಾನು ಬಿಚ್ಚಿಕೊಡ್ಲಾ ಅಮ್ಮ?’ ಎಂದ.

‘ಬೇಡ, ಆಯ್ತು’ ಎಂದೆ.

‘ಸ್ಕ್ರೂ ಉಲ್ಟಾ ತಿರುಗಿಸ್ತಿದ್ದೀಯ’ ಎಂದ. ಎಷ್ಟು ಮೃದುವಾಗಿ ಹೇಳಿದ ಗೊತ್ತೇ! ಚಿಕ್ಕವನಿದ್ದಾಗಲೂ ಅಷ್ಟು ಮೃದುವಾಗಿ ನನ್ನೊಡನೆ ಮಾತಾಡಿದವನಲ್ಲ. ಜಗಳಗಂಟನಾಗಿದ್ದ. ಅವನು ಎದುರು ಮಾತಾಡಲಿ ಎಂದು ಈಗ ನಾನು ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸುತ್ತೇನೆ. ಸುಮ್ಮನೆ ಉಣ್ಣುತ್ತಾನೆ.

ಬಂದೂಕಿನ ತೋಟೆಗಳು ಹಳೆಯವಾಗಿದ್ದವು. ಡಬ್ಬಿಯನ್ನು ಗಿರಣಿಯ ನೀರಿನ ತೊಟ್ಟಿಗೆ ಸುರಿದೆ. ಸುರಿಯುವ ಮೊದಲು ಎಣಿಸಿದೆ. ಒಂದು ಕಡಿಮೆ ಇತ್ತು. ನಿನ್ನ ಭಾವನವರು ಯಾವಾಗಲೋ ಬಳಸಿರಬೇಕು. ಬಳಸಿದ್ದರೆ ಪುಸ್ತಕದಲ್ಲಿ ಬರೆದಿಡುವ ಮನುಷ್ಯ ಅವರು. ಪುಸ್ತಕದಲ್ಲಿ ಇಲ್ಲ. ಮಗನ ಕೋಣೆ ಗುಡಿಸುವ ನೆಪದಲ್ಲಿ ಹಾಸಿಗೆ, ಪೆಟ್ಟಿಗೆ, ಬೂಟಿನ ಒಳಗೆಲ್ಲ ನೋಡಿದೆ. ಸಿಗಲಿಲ್ಲ. ಹಂದಿಗೆ ಎಂದು ಒಂದು ಉಳಿದಿದ್ದರೂ ಒಳ್ಳೆಯದೇ ಅಲ್ಲವೇ, ಅದಕ್ಕೇ ಹುಡುಕಿದೆ.

ಅಕ್ಕ


ಮಾರ್ಚ್ 11

ತಮ್ಮಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ.

ಒಂದು ಸಲ ಬಂದು ಹೋಗಲು ಆಗುತ್ತದೆಯೇ? ಕಾರಣವೇನಿಲ್ಲ. ನೋಡಿ ಬಹಳ ದಿನವಾಯಿತು, ಅಷ್ಟೇ. ಗಿರಣಿಗೆ ನಾನು ಈಗ ಅರ್ಧ ದಿನ ಮಾತ್ರ ಹೋಗುತ್ತೇನೆ. ಅಲ್ಲಿ ಯಂತ್ರದ ಸದ್ದಿನಲ್ಲಿ ಮನೆಯ ಸದ್ದು ಕೇಳುವುದಿಲ್ಲ.

ಆಗದಿದ್ದರೆ ಬಿಡು.

ಅಕ್ಕ


ಮಾರ್ಚ್ 15

ಅಕ್ಕಾ,

ನಿನ್ನ ಎರಡು ಪತ್ರಗಳೂ ಒಟ್ಟಿಗೇ ಕೈಸೇರಿದವು. ಮೊದಲನೆಯದರಲ್ಲಿ ಬೈಗುಳ, ಎರಡನೆಯದರಲ್ಲಿ ಬೆಣ್ಣೆ. ಬಂದು ಹೋಗು ಎಂದು ನೀನು ಈ ಜನ್ಮದಲ್ಲಿ ನನ್ನನ್ನು ಕರೆದವಳಲ್ಲ. ಎದುರಿಗೆ ಕೂರಿಸಿಕೊಂಡು ಇನ್ನೂ ಹತ್ತು ಮರ ತಿರಸ್ಕರಿಸುವ ಹುನ್ನಾರವೋ ಹೇಗೆ?

ಸ್ವಲ್ಪ ನೋವೂ ಆಯಿತು, ಮುಚ್ಚಿಡುವುದಿಲ್ಲ. ನಲವತ್ತು ವರ್ಷ ಈ ಉಳಿ ಹಿಡಿದಿದ್ದೇನೆ. ದೊಡ್ಡ ದೊಡ್ಡವರು ಬಂದು ‘ನಿಮಗೆ ಸರಿ ಕಂಡಿದ್ದು ಮಾಡಿ’ ಎಂದು ಮರ ಬಿಟ್ಟು ಹೋಗುತ್ತಾರೆ. ನನ್ನ ಬೀಚ್ ಮರಕ್ಕೆ ಕಾಹಿಲೆಯ ಮುಖ ಎಂದವಳು ನೀನೊಬ್ಬಳೇ.

ಆದರೆ ನಿನ್ನ ಗುಟ್ಟು ನನಗೆ ತಿಳಿದುಹೋಯಿತು. ಹಂದಿಯೂ ಇಲ್ಲ, ಗಿಂದಿಯೂ ಇಲ್ಲ. ನಿನಗೆ ಬಂದೂಕು ಏಕೆ? ಇದೆಲ್ಲ ಅಳಿಯನಿಗೆ. ಹುಡುಗ ಮಂಕಾಗಿ ಕೂತಿದ್ದಾನೆ, ಹಿಂದೆ ಗುರಿ ಹೊಡೆಯುವುದರಲ್ಲಿ ಬಹುಮಾನ ತಂದವನು, ಮತ್ತೆ ಅದರಲ್ಲಿ ಮನಸ್ಸು ತೊಡಗಲಿ ಎಂದು ನಿನಗೆ ಆಸೆ. ಅದನ್ನು ಬಾಯಿಬಿಟ್ಟು ಹೇಳಲು ಬಿಗುಮಾನ. ಮಗನಿಗೆ ಉಡುಗೊರೆ ಕೊಡುವುದಕ್ಕೂ ನಿನಗೆ ಹಂದಿಯ ನೆಪ ಬೇಕು. ನಿನಗೆ ಚೂರುಗಳನ್ನು ಕಳಿಸಿದ ಮರುದಿನವೇ ಅವನದೂ ಒಂದು ಕಾರ್ಡು ಬಂದಿತ್ತು. ಒಂದೇ ಸಾಲು: ‘ಮಾವ, ಮರ ಆಯ್ತಾ?’ ಆಗಲೇ ನನಗೆ ಖಾತ್ರಿಯಾಯಿತು.

ಅದಕ್ಕೇ ನಿನ್ನ ಒಪ್ಪಿಗೆಗೆ ಕಾಯಲಿಲ್ಲ. ಆಕ್ರೋಟಿನಲ್ಲಿ ಅವನ ಕೆನ್ನೆಯ ಗುರುತಿನ ಅಳತೆಗೆ ಹಿಂದಿನ ಮರ, ಮುಂದಿನ ಮರ ಎರಡನ್ನೂ ಮುಗಿಸಿದೆ. ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಕೆತ್ತಿಲ್ಲ. ನಾಲ್ಕು ಪಟ್ಟಿನ ದುರ್ಬೀನು, ಅದರ ಹಿಡಿಕೆ, ಬೋಲ್ಟು, ಉದ್ದ ಸ್ಕ್ರೂಡ್ರೈವರು ಎಲ್ಲ ಇಟ್ಟಿದ್ದೇನೆ. ಐದು ನಿಮಿಷದಲ್ಲಿ ಜೋಡಿಸಿಕೊಳ್ಳಬಹುದು. ನಿನ್ನ ಕೈಗೆ ಸಿಕ್ಕರೆ ಮತ್ತೆ ವಾಪಸು ಕಳಿಸುತ್ತೀಯ ಎಂದು ಅಳಿಯನ ಹೆಸರಿಗೇ, ಮನೆಯ ವಿಳಾಸಕ್ಕೇ ಇಂದು ಪಾರ್ಸೆಲ್ ಮಾಡಿದ್ದೇನೆ. ಇಪ್ಪತ್ತೊಂದಕ್ಕೆ ಅವನ ಕೈಯಲ್ಲಿರುತ್ತದೆ.

ನಾನು ಬರುವುದು ಮುಂದಿನ ತಿಂಗಳು ನೋಡೋಣ.

ತಮ್ಮ


ಮಾರ್ಚ್ 22

ತಮ್ಮಾ,

ನಿನ್ನ ಪತ್ರ ನಿನ್ನೆ, ಇಪ್ಪತ್ತೊಂದರಂದೇ ಬೆಳಿಗ್ಗೆ ಹತ್ತು ಗಂಟೆಗೆ ಗಿರಣಿಗೆ ಬಂತು. ‘ಅವನ ಕೈಯಲ್ಲಿರುತ್ತದೆ’ ಎಂಬಲ್ಲಿಗೆ ಬಂದಾಗ ಯಂತ್ರ ನಿಲ್ಲಿಸಿ ಎಂದೂ ಹೇಳದೆ ಎದ್ದೆ. ಹಿಟ್ಟಿನ ಕೈಯಲ್ಲೇ ಪಾರ್ಸೆಲ್ ಆಫೀಸಿಗೆ ನಡೆದೆ. ನಡೆದೆ ಎಂದು ಬರೆದೆ. ಓಡಿದೆ. ಈ ಊರಿನಲ್ಲಿ ನಾನು ಓಡಿದ್ದನ್ನು ಯಾರೂ ಕಂಡಿರಲಿಲ್ಲ, ನಿನ್ನೆ ಕಂಡರು.

ಕಿಟಕಿಯಲ್ಲಿ ಆ ಬೋಳುತಲೆಯ ಗುಮಾಸ್ತನೇ ಕೂತಿದ್ದ. ಎರಡು ವರ್ಷದ ಹಿಂದೆ ಹಿಟ್ಟು ತೂಕ ಕಡಿಮೆ ಎಂದನೆಂದು ಹದಿನೈದು ಜನರ ಮುಂದೆ ಅವನ ನೀರಿಳಿಸಿದ್ದೆ. ನಿನ್ನ ಪಾರ್ಸೆಲ್ಲು ಅವನ ಹಿಂದೆ ಕಪಾಟಿಗೆ ಒರಗಿತ್ತು. ನಿನ್ನ ಅಕ್ಷರ ದೂರದಿಂದಲೇ ಗೊತ್ತಾಯಿತು.

‘ಅದು ನಮ್ಮದು, ಕೊಡಿ’ ಎಂದೆ.

ಅವನು ತಿರುಗಿ ಓದಿದ. ‘ಹೆಸರು ನಿಮ್ಮದಲ್ಲವಲ್ಲ ಅಮ್ಮಾವ್ರೇ. ಮಗನ್ನ ಕಳಿಸಿ.’

‘ಅವನಿಗೆ ಜ್ವರ.’

‘ಹಾಗಾದ್ರೆ ನೀವ್ಯಾಕೆ ಬಿಸಿಲಲ್ಲಿ ಬಂದ್ರಿ? ಹನ್ನೊಂದಕ್ಕೆ ನಮ್ಮ ಗಾಡೀನೇ ಹೋಗುತ್ತೆ. ಮನೆ ಬಾಗಿಲಲ್ಲೇ ಕೊಟ್ಟು ಸಹಿ ತಗೋತಾರೆ.’

‘ಮನೆಗೆ ಬೇಡ. ವಾಪಸ್ ಕಳಿಸಿ.’

‘ವಾಪಸ್ ಕಳಿಸೋಕೂ ಅವರೇ ಬರೆದುಕೊಡಬೇಕು. ಕಾನೂನು ನಿಮ್ಮ ಗಿರಣೀಲಿ ನಿಮ್ದು, ಇಲ್ಲಿ ನಮ್ದು.’

ಹಿಂದೆ ಆರು ಜನ ನಿಂತಿದ್ದರು. ಒಬ್ಬಳು ನಕ್ಕಳು. ಗೋಡೆಯ ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು. ಹೊರಗೆ ಗಾಡಿಯವನು ಮೂಟೆ ತುಂಬಿಸುತ್ತಿದ್ದ. ಆರು ವಾರದಿಂದ ನಿನಗೆ ಹೇಳಲಾರದೆ ಹೋದದ್ದನ್ನು, ನನ್ನ ತಲೆದಿಂಬಿಗೂ ಹೇಳಲಾರದೆ ಹೋದದ್ದನ್ನು ನಾನು ಆ ಕಿಟಕಿಯಲ್ಲಿ ಹೇಳಿದೆ.

‘ಅದರಲ್ಲಿರೋದು ಬಂದೂಕಿನ ಮರ. ನನ್ನ ಮಗ ಸಾಯಬೇಕು ಅಂತಿದ್ದಾನೆ. ಅವನ ಕೈಗೆ ಕೊಡಬೇಡಿ.’

ಯಾರೂ ನಗಲಿಲ್ಲ. ಗುಮಾಸ್ತ ಪೆನ್ನು ಕೆಳಗಿಟ್ಟ. ಎದ್ದು, ಪಾರ್ಸೆಲ್ಲನ್ನು ಎತ್ತಿ, ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ. ‘ಈ ವಿಳಾಸ ನನಗೆ ಓದೋಕೆ ಆಗ್ತಿಲ್ಲ’ ಎಂದ. ಆಮೇಲೆ ಕಿಟಕಿ ಮುಚ್ಚಿ ಪಕ್ಕದ ಬಾಗಿಲಿನಿಂದ ಹೊರಗೆ ಬಂದ. ನನ್ನನ್ನು ಬೆಂಚಿನ ಮೇಲೆ ಕೂರಿಸಿದ.

‘ನನಗೊಬ್ಬಳು ತಂಗಿ ಇದ್ಲು ಅಮ್ಮಾವ್ರೇ’ ಎಂದ. ‘ಕೇಳಿದ್ರೆ ಆ ಯೋಚನೆ ಇನ್ನೂ ಗಟ್ಟಿಯಾಗುತ್ತೆ ಅಂತ ನಾವ್ಯಾರೂ ಕೇಳಲಿಲ್ಲ. ನೀವು ಮನೆಗೆ ಹೋಗಿ ಬಾಯಿಬಿಟ್ಟು ಕೇಳಿ. ಬೈಬೇಡಿ. ಕೇಳಿ.’ ದೊಡ್ಡಾಸ್ಪತ್ರೆಯಲ್ಲಿ ಇದಕ್ಕೇ ಒಬ್ಬ ಡಾಕ್ಟರು ಇದ್ದಾರಂತೆ, ಬುಧವಾರ ನೋಡುತ್ತಾರಂತೆ. ಚೀಟಿಯಲ್ಲಿ ಬರೆದುಕೊಟ್ಟ.

ಮನೆಗೆ ಬಂದಾಗ ಅವನು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಎದುರಿನ ಕುರ್ಚಿ ಎಳೆದುಕೊಂಡೆ. ತಮ್ಮಾ, ಮಗನನ್ನು ಈ ಮಾತು ಕೇಳುವುದಕ್ಕಿಂತ ಓಡುವ ಬೆಲ್ಟಿಗೆ ಕೈ ಕೊಡುವುದು ಸುಲಭ.

‘ಸಾಯಬೇಕು ಅಂತ ಇದ್ದೀಯೇನೋ?’ ಎಂದೆ.

ಮೇಜಿನ ಗೆರೆಗಳನ್ನು ನೋಡುತ್ತಲೇ ‘ಹೂಂ’ ಎಂದ.

ಆ ‘ಹೂಂ’ ಕೇಳಿಯೂ ಎದ್ದು ಹೋಗಲಿಲ್ಲ.

‘ಮರ ಕಳಿಸಿದ ದಿನವೇ ನಿನಗೆ ಗೊತ್ತಾಗಿದೆ ಅಂತ ನನಗೆ ತಿಳೀತಮ್ಮ’ ಎಂದ. ‘ನೀನು ಏನಾದ್ರೂ ಅಂತೀಯ ಅಂತ ಕಾದೆ. ಯಾವಾಗ ಬರುತ್ತೆ, ಯಾವಾಗ ಬರುತ್ತೆ ಅಂತ ಎಷ್ಟು ಸಲ ಕೇಳಿದೆ. ನೀನು ಜರಡಿ ಹಿಡ್ಕೊಂಡು ಎದ್ದು ಹೋಗ್ತಿದ್ದೆ.’

‘ಮರ ಬರಲಿ ಅಂತ ಕೇಳ್ತಿದ್ದೆಯೋ, ನಾನು ಮಾತಾಡಲಿ ಅಂತ ಕೇಳ್ತಿದ್ದೆಯೋ?’

‘ಎರಡೂ ಅಮ್ಮ. ದಿನಕ್ಕೊಂದು ಥರ.’

ಆಮೇಲೆ ಕುಳ್ಳನ ಹೆಸರು ಹೇಳಿದ. ಕೆಳಗಿನಿಂದ ಕುಳ್ಳ ಕೈ ಬೀಸಿದ್ದು ‘ನಿಲ್ಲಿಸು’ ಅಂತಲೋ ‘ಇಳಿಸು’ ಅಂತಲೋ ಇವತ್ತಿಗೂ ತಿಳಿದಿಲ್ಲ ಎಂದ. ಮೂರು ಗಂಟೆ ಕಾಲ ಮಾತಾಡಿದ. ನಾನು ಒಂದು ಮಾತೂ ಅಡ್ಡ ಹಾಕಲಿಲ್ಲ, ನೀನು ನಂಬಲಾರೆ. ಕೊನೆಗೆ ಎದ್ದು ಹೋಗಿ, ಸ್ನಾನದ ಮನೆಯ ತೊಲೆಯ ಸಂದಿನಿಂದ ಆ ಒಂದು ತೋಟೆ ತೆಗೆದು ತಂದು ನನ್ನ ಅಂಗೈಯಲ್ಲಿಟ್ಟ. ಅಷ್ಟು ಸಣ್ಣದು, ಅಷ್ಟು ತಣ್ಣಗಿತ್ತು.

ಈಗ ಅವನು ಮಲಗಿದ್ದಾನೆ. ಬಾಗಿಲು ತೆರೆದಿಡಲು ಹೇಳಿದ್ದೇನೆ. ಇಲ್ಲಿ ಕೂತು ಉಸಿರು ಎಣಿಸುತ್ತಾ ಬರೆಯುತ್ತಿದ್ದೇನೆ.

ನಿನ್ನ ತಪ್ಪಿಲ್ಲ. ಇಲ್ಲ, ಸ್ವಲ್ಪ ಇದೆ. ನನ್ನದು ಹೆಚ್ಚಿದೆ. ಬಾ.

ಅಕ್ಕ


ಮಾರ್ಚ್ 27

ಅಕ್ಕಾ,

ಪತ್ರವನ್ನು ಅಂಗಡಿಯಲ್ಲಿ ನಿಂತು ಓದಲು ಶುರುಮಾಡಿದೆ, ನೆಲದಲ್ಲಿ ಕೂತು ಮುಗಿಸಿದೆ. ಇವಳು ನೀರು ತಂದು ಕೊಟ್ಟಳು.

ಆ ರಬ್ಬರಿನ ಗೀರುಗಳನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿ, ರಬ್ಬರು ಹಾಳಾಗುತ್ತದೆ ಎಂದು ಬರೆದೆ. ಐದು ನಿಮಿಷದಲ್ಲಿ ಜೋಡಿಸಬಹುದು ಎಂದು ಬರೆದೆ. ಸ್ಕ್ರೂಡ್ರೈವರನ್ನೂ ಇಟ್ಟೆ. ಕೆನ್ನೆಯ ಅಳತೆ ಒಂದು ನೂಲೂ ತಪ್ಪಿರಲಿಲ್ಲ ಅಕ್ಕಾ. ಉಳಿಗಳನ್ನು ಪೆಟ್ಟಿಗೆಗೆ ಹಾಕಿ ಅಂಗಡಿ ಮುಚ್ಚಿದ್ದೇನೆ.

ಗುರುವಾರದ ರೈಲಿಗೆ ಹೊರಡುತ್ತೇನೆ. ಶನಿವಾರ ಬೆಳಿಗ್ಗೆ ನಿನ್ನ ಬಾಗಿಲಲ್ಲಿರುತ್ತೇನೆ. ಎಷ್ಟು ದಿನ ಇರಬೇಕೋ ಅಷ್ಟು ದಿನ ಇರುತ್ತೇನೆ. ಬೈಯುವುದಿದ್ದರೆ ಕೂಡಿಟ್ಟುಕೊ.

ಅಳಿಯನಿಗೆ ಏನು ಹೇಳಬೇಕೆಂದು ತಿಳಿಯುತ್ತಿಲ್ಲ. ಮಾವ ಬರುತ್ತಿದ್ದಾನೆ ಎಂದು ಮಾತ್ರ ಹೇಳು.

ತಮ್ಮ


ಏಪ್ರಿಲ್ 24

ತಮ್ಮಾ,

ನೀನು ಹೋಗಿ ಒಂದು ವಾರವಾಯಿತು. ನೀನು ಮರೆತುಹೋದ ಕನ್ನಡಕ ಕಳಿಸಿದ್ದೇನೆ. ಅದರ ಒಂದು ಕಾಲು ಮುರಿದಿರುವುದು ನನ್ನಿಂದಲ್ಲ.

ಮೂರು ಬುಧವಾರ ಆಸ್ಪತ್ರೆಗೆ ನೀನು ಬಂದಿದ್ದೆ, ನಾಲ್ಕನೆಯದಕ್ಕೆ ನಾನೂ ಅವನೂ ಇಬ್ಬರೇ ಹೋದೆವು. ಗುಣವಾಯಿತು ಎಂದು ಬರೆಯಲಾರೆ. ಡಾಕ್ಟರೂ ಹಾಗೆ ಹೇಳುವುದಿಲ್ಲ. ಭಾನುವಾರ ಇಡೀ ದಿನ ಗೋಡೆ ನೋಡಿಕೊಂಡು ಮಲಗಿದ್ದ. ಆದರೆ ಸಂಜೆ ತಾನಾಗಿಯೇ ಎದ್ದು ಬಂದು ‘ಅಮ್ಮ, ಇವತ್ತು ಕೆಟ್ಟ ದಿನ’ ಎಂದ. ಹೇಳಿದ, ಅದೇ ದೊಡ್ಡದು. ಸೋಮವಾರ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ರೇಗಿದ. ಮರುಮಾತಾಡದೆ ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ನಿನ್ನೆ ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಿದೆವು. ಲೈಸೆನ್ಸು ಅವನ ಹೆಸರಿನಲ್ಲಿರುವುದರಿಂದ ಅವನೇ ಬರಬೇಕಿತ್ತು. ನಳಿಗೆಯನ್ನು ನಾನು ಹೊದಿಕೆಯಲ್ಲಿ ಸುತ್ತಿ ಹೊತ್ತೆ, ಅವನ ಕೈಗೆ ಕೊಡಲಿಲ್ಲ. ಅವನೂ ಕೇಳಲಿಲ್ಲ. ನೀನು ಕೆತ್ತಿದ ಮರ, ದುರ್ಬೀನು ಎಲ್ಲ ಪಾರ್ಸೆಲ್ ಆಫೀಸಿನ ಕಪಾಟಿನಲ್ಲಿವೆ. ಗುಮಾಸ್ತ ಈ ವಾರ ನಿನಗೆ ವಾಪಸು ಕಳಿಸುತ್ತಾನೆ. ಬೇರೆಯವರಿಗೆ ಕೊಡು. ನಿನ್ನ ಕೆಲಸ ಚೆನ್ನಾಗಿತ್ತು, ಇದನ್ನು ನಾನು ಇನ್ನೊಮ್ಮೆ ಹೇಳುವುದಿಲ್ಲ.

ಲೈಸೆನ್ಸ್ ಆಫೀಸಿನಲ್ಲಿ ಒಂದು ಫಾರಂ ಕೊಟ್ಟರು. ಹೆಸರು, ವಿಳಾಸ, ನಂಬರು ಎಲ್ಲ ಸಲೀಸಾಗಿ ತುಂಬಿದ. ಕೊನೆಯಲ್ಲಿ ‘ಒಪ್ಪಿಸಲು ಕಾರಣ’ ಎಂದು ಒಂದು ಸಾಲು. ಅಲ್ಲಿ ಪೆನ್ನು ನಿಂತಿತು. ಹಿಂದಿನವರು ಗೊಣಗಿದರು. ‘ಬಳಕೆ ಇಲ್ಲ ಅಂತ ಬರಿ’ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವನು ನನ್ನತ್ತ ಒಮ್ಮೆ ನೋಡಿ, ಬಗ್ಗಿ ಬರೆದ.

ಮೇಜಿನ ಆಚೆ ಕೂತಿದ್ದ ಅಧಿಕಾರಿ ಫಾರಂ ತಿರುಗಿಸಿಕೊಂಡು ಗಟ್ಟಿಯಾಗಿ ಓದಿದ: ‘ಅಮ್ಮನಿಗೆ ಭಯ.’ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. ನನ್ನ ಗಿರಣಿಗೆ ಅವನ ಮನೆಯಿಂದಲೂ ಗೋಧಿ ಬರುತ್ತದೆ, ನನ್ನ ಬಾಯಿ ಎಂಥದ್ದೆಂದು ಅವನಿಗೂ ಗೊತ್ತು.

‘ಏನ್ ಅಮ್ಮಾವ್ರೇ, ನಿಮಗೆ ಭಯವಾ?’ ಎಂದ. ‘ಇದನ್ನೇ ಹಾಕಲಾ?’

ಕೋಣೆಯ ತುಂಬ ಜನ. ಮಗ ನೆಲ ನೋಡುತ್ತಿದ್ದ.

‘ಹೌದು, ತುಂಬಾ ಭಯ’ ಎಂದೆ. ‘ಹಾಕಿ.’

ಅವನು ಮೊಹರು ಒತ್ತಿದ.

ಅಕ್ಕ